ಕಟ್ಟಿದವರ ಹೆಸರೆಲ್ಲಿ?

ಕನ್ನಡದಲ್ಲಿ ‘ಇಸು’ ಅಂತ ಒಂದು ಪುಟ್ಟ ಪ್ರತ್ಯಯ ಇದೆ. ಮಾಡು ಅನ್ನೋದಕ್ಕೆ ಅಂಟಿಸಿದರೆ ಮಾಡಿಸು. ಕೆತ್ತು ಅನ್ನೋದಕ್ಕೆ ಅಂಟಿಸಿದರೆ ಕೆತ್ತಿಸು. ಕಟ್ಟು, ಕಟ್ಟಿಸು. ಬೆವರು ಯಾರದು, ಕಾಸು ಯಾರದು ಅನ್ನೋದನ್ನ ನಮ್ಮ ಭಾಷೆ ಎರಡೇ ಅಕ್ಷರದಲ್ಲಿ ಬೇರೆ ಮಾಡಿ ಕೊಟ್ಟಿದೆ. ಇಷ್ಟು ಅನುಕೂಲ ಇದ್ದೂ ನಾವು ಕಟ್ಟಿಸಿದವನನ್ನು ತಲೆ ಮೇಲೆ ಹೊತ್ತು, ಕಟ್ಟಿದವನನ್ನು ಮರೆತುಬಿಡೋದರಲ್ಲಿ ಎತ್ತಿದ ಕೈ.

ಚಳ್ಳಕೆರೆ, ಮೊಳಕಾಲ್ಮೂರು ಕಡೆ ಯಾವ ಊರಿನ ಗುಡಿಗೆ ಬೇಕಾದ್ರೂ ಹೋಗಿ ನೋಡಿ. ಮೆಟ್ಟಿಲಿಗೆ ದಾನಿ, ಗಂಟೆಗೆ ದಾನಿ, ಕಲ್ಲುಬೆಂಚಿಗೆ ದಾನಿ. ಫ್ಯಾನಿನ ಮೂರು ರೆಕ್ಕೆಯ ಮೇಲೂ ಹೆಸರು. ಅದು ತಿರುಗುವಾಗ ಓದೋಕಾಗಲ್ಲ, ನಿಂತಾಗ ಸೆಕೆ. ಟ್ಯೂಬ್‌ಲೈಟಿನ ಪಟ್ಟಿಯ ತುಂಬಾ ಎಷ್ಟು ಬಣ್ಣ ಬಳಿದಿರ್ತಾರೆ ಅಂದ್ರೆ ಬೆಳಕಿಗಿಂತ ಹೆಸರೇ ಹೆಚ್ಚು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ರಥೋತ್ಸವದಲ್ಲಿ ಪ್ರತಿ ವರ್ಷ ಮುಕ್ತಿ ಬಾವುಟ ಹರಾಜಾಗುತ್ತೆ. ಲಕ್ಷಗಟ್ಟಲೆ ಕೂಗಿ ಕೊಂಡವರ ಹೆಸರು ಮಾರನೇ ದಿನ ಪತ್ರಿಕೆಯಲ್ಲಿ ಬರುತ್ತೆ. ತೇರಿನ ಕೆಲಸ ಮಾಡಿದ ಬಡಗಿ ಯಾರು ಅಂತ ಯಾವ ಪತ್ರಿಕೆಯಲ್ಲಾದ್ರೂ ಓದಿದೀರಾ?

ನಾನು ದಾನಿಗಳ ವಿರೋಧಿ ಅಲ್ಲ. ಕಾಸು ಬೇಕು, ಕೊಡೋ ಮನಸ್ಸೂ ಬೇಕು. ಆದ್ರೆ ಕಾಸು ಕೊಟ್ಟವನೇ ಕೃತಿಯ ಒಡೆಯ ಅನ್ನೋ ನಂಬಿಕೆ ಇದೆಯಲ್ಲ, ಅದರ ವಿರುದ್ಧ ನನ್ನ ತಕರಾರು. ಈ ನಂಬಿಕೆಯನ್ನು ಜಗತ್ತಿನಲ್ಲಿ ಯಾರಾದರೂ ಪೂರ್ತಿಯಾಗಿ, ಭರ್ಜರಿಯಾಗಿ ಪರೀಕ್ಷೆ ಮಾಡಿ ನೋಡಿದ್ದರೆ ಅದು 17ನೇ ಶತಮಾನದ ರೋಮಿನ ಕ್ಯಾಥೊಲಿಕ್ ಚರ್ಚು. ಬರೋಕ್ ಕಾಲ ಅಂತ ಕರೀತಾರೆ ಅದನ್ನ. ಚಿನ್ನದ ಲೇಪ, ತಿರುಚಿದ ಕಂಬ, ಚಾವಣಿಯಿಂದ ಕೆಳಗೆ ಬಿದ್ದೇಬಿಡ್ತಾರೇನೋ ಅನ್ನಿಸೋ ದೇವದೂತರು. ನಮ್ಮ ದಾನಿಗಳ ಹುಚ್ಚು ಎಲ್ಲಿಗೆ ಮುಟ್ಟಬಹುದು ಅಂತ ನೋಡಬೇಕಾದ್ರೆ ಆ ಕಡೆ ಒಂದು ಸುತ್ತು ಹೋಗಿ ಬರಬೇಕು.

ಮೊದಲು ಸಂತ ಪೀಟರ್ ಬಸಿಲಿಕಾದ ಮುಂಭಾಗ ನೋಡಿ. ವಾಸ್ತುಶಿಲ್ಪಿ ಕಾರ್ಲೊ ಮಡೆರ್ನೊ. ಬಾಗಿಲ ಮೇಲೆ ಆ ತುದಿಯಿಂದ ಈ ತುದಿಯವರೆಗೆ ದೊಡ್ಡ ಅಕ್ಷರದ ಶಾಸನ ಇದೆ, 1612ರದ್ದು. ಅದರ ಪ್ರಕಾರ ಅಪೊಸ್ತಲರ ನಾಯಕನ ಗೌರವಾರ್ಥವಾಗಿ ಇದನ್ನ ಮಾಡಿಸಿದ್ದು ರೋಮಿನವರಾದ ಪೋಪ್ ಐದನೇ ಪೌಲ್, ಬೋರ್ಗೇಸೆ ಮನೆತನದವರು. ಗಮನಿಸಿ, ಗುಡಿ ಪೀಟರನದು. ಆದ್ರೆ ಪೀಟರನಿಗೆ ಸಿಕ್ಕಿದ್ದು ಬರೀ ಬಿರುದು, ಅಪೊಸ್ತಲರ ನಾಯಕ ಅಂತ. ಹೆಸರಿಲ್ಲ. ಹೆಸರು, ಅದೂ ಮನೆತನದ ಹೆಸರಿನ ಸಮೇತ ಇರೋದು ಪೋಪರದ್ದು, ಸರಿಯಾಗಿ ನಡುಮಧ್ಯೆ. ಮಡೆರ್ನೊ ಹೆಸರು ಅಲ್ಲಿಲ್ಲ. ಜೆಸುಯಿಟರ ತಾಯಿ ಚರ್ಚು ಅನ್ನಿಸಿಕೊಂಡ ಜೆಸು ಚರ್ಚಿನ ಮುಂಭಾಗದಲ್ಲೂ ಹೀಗೇ, ಕಾರ್ಡಿನಲ್ ಅಲೆಸ್ಸಾಂದ್ರೊ ಫಾರ್ನೇಸೆಯ ಹೆಸರು. ನಮ್ಮೂರಿನ ಫ್ಯಾನಿನ ರೆಕ್ಕೆಗೂ ಇದಕ್ಕೂ ಅಳತೆಯಲ್ಲಿ ವ್ಯತ್ಯಾಸ ಇದೆ, ಗುಣದಲ್ಲಿ ಇಲ್ಲ.

ಒಳಗೆ ಹೋದರೆ ಪೀಟರನ ಸಮಾಧಿಯ ಮೇಲೆ ಕಂಚಿನ ದೊಡ್ಡ ಮಂಟಪ. 1624ರಿಂದ 1633ರವರೆಗೆ ಬೆರ್ನಿನಿಯ ಮೇಲ್ವಿಚಾರಣೆಯಲ್ಲಿ ಆದದ್ದು. ಮಾಡಿಸಿದ್ದು ಬಾರ್ಬೆರಿನಿ ಮನೆತನದ ಪೋಪ್ ಎಂಟನೇ ಅರ್ಬನ್. ಆ ಮನೆತನದ ಲಾಂಛನ ಜೇನುಹುಳ. ಮಂಟಪದ ತುಂಬಾ ಅದೇ ಜೇನುಹುಳ ಕೂತಿವೆ. ಕಂಚು ಸಾಲದು ಅಂತ ಪುರಾತನ ಪ್ಯಾಂಥಿಯನ್ನಿನ ಮುಂಚಾವಡಿಯ ಕಂಚಿನ ತೊಲೆಗಳನ್ನೇ ಕೀಳಿಸಿದರು. ಅದರಲ್ಲಿ ಹೆಚ್ಚಿನ ಪಾಲು ಹೋಗಿದ್ದು ಫಿರಂಗಿ ಎರಕಕ್ಕೆ. ಬರ್ಬರರು ಮಾಡದ್ದನ್ನ ಬಾರ್ಬೆರಿನಿಗಳು ಮಾಡಿದರು ಅಂತ ರೋಮಿನ ಜನ ಆಗಲೇ ಆಡಿಕೊಂಡು ನಕ್ಕರು. ನೋಡಿ, ಭಕ್ತರು ಆ ಕಾಲದಲ್ಲೂ ದಡ್ಡರಿರಲಿಲ್ಲ.

ಆ ಮಂಟಪದ ಕೆಲಸದಲ್ಲಿ ಬೆರ್ನಿನಿಯ ಕೈಕೆಳಗೆ ದುಡಿದವರಲ್ಲಿ ಬೊರ್ರೊಮಿನಿ ಒಬ್ಬ. ಕಲ್ಲುಕುಟಿಗನಾಗಿ ಶುರು ಮಾಡಿ ಮುಂದೆ ತಾನೇ ದೊಡ್ಡ ವಾಸ್ತುಶಿಲ್ಪಿಯಾದವನು. ಅವನಿಗೆ ಕಡೆಯವರೆಗೂ ಒಂದು ಕೊರಗಿತ್ತು. ಬೆರ್ನಿನಿ ದುಡ್ಡು ತಗೊಂಡಿದ್ದಕ್ಕೆ ತನಗೇನೂ ಬೇಜಾರಿಲ್ಲ, ತನ್ನ ದುಡಿಮೆಯ ಗೌರವ ತಗೊಂಡಿದ್ದಕ್ಕೆ ಬೇಜಾರು ಅನ್ನೋ ಅರ್ಥದಲ್ಲಿ ಅವನು ಹೇಳಿಕೊಂಡನಂತೆ. ಈ ಮಾತನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ. ಕೂಲಿ ಬೇರೆ, ಗೌರವ ಬೇರೆ ಅಂತ ಅವನು ಸುಮಾರು 400 ವರ್ಷದ ಹಿಂದೆಯೇ ಹೇಳಿದ್ದ.

ಹಾಗಾದ್ರೆ ಕಾಸು ಕೊಟ್ಟವರಿಗೆ ಕಣ್ಣಾದರೂ ಇತ್ತಾ? ಅದನ್ನೂ ನೋಡೋಣ. 1563ರಲ್ಲಿ ಟ್ರೆಂಟ್ ಮಹಾಸಭೆ ಮುಗಿಯುವ ಹೊತ್ತಿಗೆ ಚಿತ್ರಗಳ ಬಗ್ಗೆ ಒಂದು ಆಜ್ಞೆ ಹೊರಟಿತು. ಚಿತ್ರ ಇರಲಿ, ಓದು ಬಾರದವರಿಗೂ ಅದು ಪಾಠ ಹೇಳುತ್ತೆ. ಆದ್ರೆ ರೂಢಿ ಬಿಟ್ಟ ಚಿತ್ರವನ್ನ ಚರ್ಚಿನಲ್ಲಿ ಇಡಬೇಕಾದರೆ ಬಿಷಪ್ಪರ ಒಪ್ಪಿಗೆ ಬೇಕು. ಹತ್ತು ವರ್ಷ ಕಳೆದು, 1573ರಲ್ಲಿ ವೆನಿಸಿನ ಚಿತ್ರಗಾರ ವೆರೊನೇಸೆಯನ್ನ ಧರ್ಮವಿಚಾರಣೆಯ ಮುಂದೆ ನಿಲ್ಲಿಸಿದರು. ಯೇಸುವಿನ ಕಡೆಯ ಊಟದ ಚಿತ್ರದಲ್ಲಿ ಕುಳ್ಳರು ಯಾಕೆ, ಜರ್ಮನ್ ಸೈನಿಕರು ಯಾಕೆ, ಮೂಗಿನಲ್ಲಿ ರಕ್ತ ಸೋರುವ ಆಳು ಯಾಕೆ ಅಂತ ಪ್ರಶ್ನೆ. ನಿನ್ನ ಖರ್ಚಿನಲ್ಲೇ ಮೂರು ತಿಂಗಳಲ್ಲಿ ತಿದ್ದು ಅಂತ ತೀರ್ಪು. ವೆರೊನೇಸೆ ಏನ್ ಮಾಡಿದ ಗೊತ್ತಾ? ಕುಳ್ಳರನ್ನೂ ಸೈನಿಕರನ್ನೂ ಅಲ್ಲೇ ಬಿಟ್ಟು, ಚಿತ್ರದ ಹೆಸರನ್ನೇ ‘ಲೇವಿಯ ಮನೆಯ ಔತಣ’ ಅಂತ ಬದಲಾಯಿಸಿಬಿಟ್ಟ!

ಕಾರವಾಜ್ಜೊನ ಕಥೆ ಇನ್ನೂ ಖಾರ. ರೋಮಿನ ಒಬ್ಬ ವಕೀಲ ಕಾರ್ಮೆಲೈಟ್ ಸಂನ್ಯಾಸಿಗಳ ಚರ್ಚಿಗಾಗಿ ಮರಿಯಮ್ಮನವರ ಮರಣದ ಚಿತ್ರ ಬರೆಸಿದ. ಕಾರವಾಜ್ಜೊ ಬರೆದದ್ದು ನಿಜವಾಗಿ ಸತ್ತ ಒಬ್ಬ ಬಡ ಹೆಂಗಸನ್ನ. ಊದಿಕೊಂಡ ಮೈ, ಬರಿಗಾಲು, ಕೆಂಪು ಬಟ್ಟೆ, ಸುತ್ತ ಅಳುತ್ತಿರೋ ಬೋಳುತಲೆಯ ಮುದುಕರು. ನಮ್ಮೂರಿನ ಯಾವುದೇ ಸಾವಿನ ಮನೆಯಲ್ಲಿ ಕಾಣುವ ನೋಟ. ಸಂನ್ಯಾಸಿಗಳು ಬೇಡ ಅಂತ ವಾಪಸ್ ಮಾಡಿದರು. ಅದನ್ನು ಮಾಂಟುವಾದ ಡ್ಯೂಕ್ ಕೊಂಡುಕೊಂಡ, 1607ರಲ್ಲಿ. ಕೊಳ್ಳಿ ಅಂತ ಸಲಹೆ ಕೊಟ್ಟವರು ಯಾರು? ರೂಬೆನ್ಸ್. ಅವನೂ ಚಿತ್ರಗಾರ. ಅಂದ್ರೆ ದುಡ್ಡಿದ್ದವರಿಗೆ, ಮಠದವರಿಗೆ ಕಾಣದ್ದು ಇನ್ನೊಬ್ಬ ಕೆಲಸಗಾರನ ಕಣ್ಣಿಗೆ ಕಂಡಿತು. ಇವತ್ತು ಆ ಚಿತ್ರ ಪ್ಯಾರಿಸ್ಸಿನ ಲೂವ್ರ್‌ನಲ್ಲಿದೆ. ಬೇಡ ಅಂದ ಸಂನ್ಯಾಸಿಗಳ ಹೆಸರು ಯಾರಿಗೆ ಬೇಕು?

ಚರ್ಚಿನ ಪರವಾಗಿ ಒಂದು ಮಾತು ಹೇಳಲೇಬೇಕು, ಇಲ್ಲಾಂದ್ರೆ ಅನ್ಯಾಯ ಆಗುತ್ತೆ. ಅವರು ಲೆಕ್ಕ ಬರೆದಿಟ್ಟರು. ಒಪ್ಪಂದ ಪತ್ರ, ರಸೀದಿ, ಯಾರಿಗೆ ಎಷ್ಟು ಕೊಟ್ಟಿದ್ದು, ಯಾವ ಕೆಲಸಕ್ಕೆ ಅಂತ. ಪೀಟರ್ ಬಸಿಲಿಕಾ ಕಟ್ಟಿದ ಕಚೇರಿಯ ದಾಖಲೆಗಳು ಇವತ್ತಿಗೂ ಇವೆ. ಗೋಡೆಯ ಮೇಲೆ ಇಲ್ಲದ ಹೆಸರು ಕಡತದಲ್ಲಿ ಉಳಿದುಕೊಂಡಿದ್ದರಿಂದಲೇ ನಾನು ಚಳ್ಳಕೆರೆಯಲ್ಲಿ ಕೂತು ಮಡೆರ್ನೊ, ಬೊರ್ರೊಮಿನಿ ಅಂತ ಬರೀತಾ ಇರೋದು. ನಮ್ಮ ಜೀರ್ಣೋದ್ಧಾರ ಸಮಿತಿಗಳ ಲೆಕ್ಕದ ಪುಸ್ತಕದಲ್ಲಿ ಏನಿರುತ್ತೆ? ‘ಶಿಲ್ಪಿ ಕೂಲಿ’ ಅಂತ ಒಂದು ಸಾಲು. ಅಷ್ಟೇ.

ಇದೆಲ್ಲ ದೂರದ ರೋಮಿನ ಮಾತು, ನಮಗೇನು ಅಂತ ಕೇಳಬಹುದು. ನಮ್ಮ ಕಡೆ ಶಾಲೆಯ ಮಕ್ಕಳು ಕರಾವಳಿ ಪ್ರವಾಸ ಹೋದಾಗ ಮಂಗಳೂರಿನಲ್ಲಿ ಸಂತ ಅಲೋಶಿಯಸ್ ಚಾಪೆಲ್ ನೋಡಿ ಬರ್ತಾರಲ್ಲ, ಅದು ರೋಮಿನ ಆ ಬಳ್ಳಿಯದೇ ಕುಡಿ. 1680ರ ದಶಕದ ರೋಮಿನಲ್ಲಿ ಅಂದ್ರೆಯಾ ಪೊಜ್ಜೊ ಅಂತ ಒಬ್ಬ ಜೆಸುಯಿಟ್ ಬ್ರದರ್ ಇದ್ದ. ಪಾದ್ರಿ ಅಲ್ಲ, ಬರೀ ಬ್ರದರ್, ಕೆಲಸದವನು. ಸಂತ ಇಗ್ನಾಸಿಯ ಚರ್ಚಿಗೆ ಗುಮ್ಮಟ ಏರಿಸೋಕೆ ಆಗಲಿಲ್ಲ. ದುಡ್ಡಿನ ತಾಪತ್ರಯ ಅದಕ್ಕೆ ಹೇಳುವ ಕಾರಣಗಳಲ್ಲಿ ಒಂದು. ಪೊಜ್ಜೊ ಒಂದು ಬಟ್ಟೆಯ ಮೇಲೆ ಗುಮ್ಮಟ ಬರೆದು 1685ರಲ್ಲಿ ಮೇಲೆ ಬಿಗಿದ. ಕೆಳಗೆ ಸರಿಯಾದ ಜಾಗದಲ್ಲಿ ನಿಂತು ನೋಡಿದರೆ ಗುಮ್ಮಟ ಇದೆ, ಎರಡು ಹೆಜ್ಜೆ ಸರಿದರೆ ಸೊಟ್ಟಗಾಗುತ್ತೆ. ಕಾಸು ಮುಗಿದ ಜಾಗದಲ್ಲಿ ಕೈ ಶುರುವಾಗೋದು ಅಂದ್ರೆ ಇದೇ.

ಅದೇ ಪರಂಪರೆಯ ಇನ್ನೊಬ್ಬ ಜೆಸುಯಿಟ್ ಬ್ರದರ್, ಇಟಲಿಯ ಬೆರ್ಗಾಮೊ ಕಡೆಯ ಆಂತೊನಿಯೊ ಮೊಸ್ಕೇನಿ, 1899ರಲ್ಲಿ ಮಂಗಳೂರಿಗೆ ಬಂದ. ಚಾಪೆಲ್ ಕಟ್ಟಿ ಆಗಲೇ ಸುಮಾರು ಹದಿನೈದು ವರ್ಷ ಆಗಿತ್ತು, ಗೋಡೆ ಖಾಲಿ. ಎರಡೂವರೆ ವರ್ಷದಷ್ಟು ಕಾಲ ಅಟ್ಟಣಿಗೆ ಹತ್ತಿ ಗೋಡೆ, ಕಮಾನು, ಚಾವಣಿ ಎಲ್ಲ ತುಂಬಿಸಿದ. ಬರೋಕ್ ಕಾಲ ಮುಗಿದು ಎಷ್ಟೋ ದಿನ ಆಗಿದ್ದರೂ ಅವನ ಕೈಯಲ್ಲಿ ಅದೇ ಪಾಠ. ಚಾವಣಿಯಲ್ಲಿ ಅಲೋಶಿಯಸ್ ಗೊಂಜಾಗನ ಬದುಕು ಇದೆ. ರಾಜಮನೆತನದ ಆಸ್ತಿ ಬೇಡ ಅಂತ ಬಿಟ್ಟು ಬಂದು, 1591ರಲ್ಲಿ ರೋಮಿನಲ್ಲಿ ಪ್ಲೇಗ್ ರೋಗಿಗಳ ಸೇವೆ ಮಾಡ್ತಾ ಸೋಂಕು ತಗುಲಿ, ಇಪ್ಪತ್ತಮೂರರ ಪ್ರಾಯದಲ್ಲೇ ತೀರಿಕೊಂಡ ಹುಡುಗ. ಕಾರವಾಜ್ಜೊನ ಚಿತ್ರ ಕೊಂಡ ಮಾಂಟುವಾದ ಡ್ಯೂಕ್ ಕೂಡ ಅದೇ ಗೊಂಜಾಗ ವಂಶದವನು. ಮೊಸ್ಕೇನಿ 1905ರಲ್ಲಿ ಕೊಚ್ಚಿಯಲ್ಲಿ ಕೆಲಸದ ನಡುವೆಯೇ ತೀರಿಕೊಂಡ. ಇವತ್ತು ಮಂಗಳೂರಿನಲ್ಲಿ ಯಾರನ್ನ ಕೇಳಿದರೂ ಮೊಸ್ಕೇನಿಯ ಹೆಸರು ಹೇಳ್ತಾರೆ. ಚಾಪೆಲ್ ಕಟ್ಟೋಕೆ ಕಾಸು ಕೊಟ್ಟವರು ಯಾರು ಅಂದ್ರೆ ತಲೆ ಕೆರಕೊಳ್ತಾರೆ. ಆಗಬೇಕಾದ್ದೇ ಹೀಗೆ. ಒಂದು ಊರಿಗೆ ಇದು ಸಾಧ್ಯ ಆಗಿದೆ ಅಂದ ಮೇಲೆ ಎಲ್ಲ ಊರಿಗೂ ಸಾಧ್ಯ.

ಆದ್ರೆ ಇಲ್ಲೇ ಚರ್ಚನ್ನ ಕಟಕಟೆಗೆ ಹತ್ತಿಸಬೇಕು. ಹೆಸರು ಉಳಿದಿದ್ದು ಯಾರದು? ಯುರೋಪಿನಿಂದ ಬಂದವರದು. ಗೋವೆಗೆ ಹೋಗಿ. ಬೋಂ ಜೀಸಸ್ ಬಸಿಲಿಕಾದಲ್ಲಿ ಫ್ರಾನ್ಸಿಸ್ ಝೇವಿಯರ್ ಸಮಾಧಿ ನೋಡಿ. ಕೆಳಗಿನ ಅಮೃತಶಿಲೆಯ ಕಟ್ಟೆ ಟಸ್ಕನಿಯ ಗ್ರ್ಯಾಂಡ್ ಡ್ಯೂಕ್ ಮೂರನೇ ಕೋಸಿಮೊ ಮೆದಿಚಿಯ ಕಾಣಿಕೆ. ಮಾಡಿದವನು ಫ್ಲಾರೆನ್ಸಿನ ಫೊಜ್ಜಿನಿ, ಹತ್ತು ವರ್ಷದ ಕೆಲಸ. ಹಡಗಿನಲ್ಲಿ ಬಿಡಿಬಿಡಿಯಾಗಿ ತಂದು 1698ರಲ್ಲಿ ಜೋಡಿಸಿದ್ದು. ಜೋಡಿಸೋಕೆ ಬಂದ ರಂಪೋನಿಯ ಹೆಸರೂ ಗೊತ್ತು. ಈಗ ತಲೆ ಎತ್ತಿ ಮೇಲೆ ನೋಡಿ. ಸಂತನ ದೇಹ ಇರೋದು ಬೆಳ್ಳಿಯ ಪೆಟ್ಟಿಗೆಯಲ್ಲಿ. ಅದು ಕೋಸಿಮೊ ಕಾಣಿಕೆಗಿಂತ ಅರವತ್ತು ವರ್ಷ ಹಳೆಯದು, 1636–37ರದ್ದು. ಸಂತನ ಜೀವನದ ದೃಶ್ಯಗಳನ್ನ ಬೆಳ್ಳಿಯ ತಗಡಿನಲ್ಲಿ ಉಬ್ಬಿಸಿ ತೆಗೆದಿದ್ದಾರೆ. ಮಾಡಿದವರು? ‘ಗೋವೆಯ ಅಕ್ಕಸಾಲಿಗರು’. ಎಲ್ಲಿ ನೋಡಿದರೂ ಇಷ್ಟೇ. ಫ್ಲಾರೆನ್ಸಿನ ಕಲ್ಲಿಗೆ ಹೆಸರು, ನಮ್ಮ ಕಡೆಯ ಬೆಳ್ಳಿಗೆ ಜಾತಿಕಸುಬು!

ಇದು ಬರೀ ಮರೆವಲ್ಲ. 1567ರ ಗೋವಾ ಪ್ರಾಂತೀಯ ಧರ್ಮಸಭೆ, ಕ್ರೈಸ್ತರಲ್ಲದ ಕುಶಲಕರ್ಮಿಗಳ ಕೈಯಲ್ಲಿ ಪೂಜೆಯ ಚಿತ್ರ, ವಿಗ್ರಹ ಮಾಡಿಸಬಾರದು ಅಂತ ನಿಷೇಧಿಸಿತು. ನಿಷೇಧ ಬಂತು ಅಂದ್ರೆ ಅದು ನಡೀತಿತ್ತು ಅಂತ ಅರ್ಥ, ಅಲ್ವಾ? ಗೋವೆಯ ಚರ್ಚುಗಳ ಮರದ ಪ್ರವಚನಪೀಠಗಳನ್ನ ಹತ್ತಿರದಿಂದ ನೋಡಿ, ಕೆಲವಕ್ಕೆ ಆಧಾರವಾಗಿ ನಿಂತಿರೋದು ನಾಗಕನ್ನಿಕೆಯರ ರೂಪಗಳು. ಬೈಬಲ್ಲಿನಲ್ಲಿ ನಾಗಕನ್ನಿಕೆ ಎಲ್ಲಿದ್ದಾಳೆ ಸ್ವಾಮಿ? ಕೆತ್ತಿದವನ ಕೈಯಲ್ಲಿದ್ದಳು. ಹೆಸರು ಬರೆಯೋಕೆ ಬಿಡದಿದ್ದರೆ ಕೈ ತನ್ನ ಗುರುತು ಬೇರೆ ದಾರಿಯಲ್ಲಿ ಬಿಟ್ಟು ಹೋಗುತ್ತೆ.

ದುಡ್ಡಿನ ಮೂಲವನ್ನೂ ಮುಚ್ಚಿಡಬಾರದು. 1540ರ ದಶಕದಲ್ಲಿ ಗೋವೆಯ ದ್ವೀಪದಲ್ಲಿ ದೇವಸ್ಥಾನಗಳನ್ನ ಕೆಡವಿಸಿ, ಅವುಗಳ ಉಂಬಳಿ ಜಮೀನಿನ ಆದಾಯವನ್ನ ಕ್ರೈಸ್ತ ಸಂಸ್ಥೆಗಳಿಗೆ ತಿರುಗಿಸಿದರು. ಆ ನಗರದ ಹೊಟ್ಟೆ ತುಂಬಿಸಿದ್ದರಲ್ಲಿ ಬಸ್ರೂರು, ಮಂಗಳೂರು ಕಡೆಯ ಅಕ್ಕಿಯ ಪಾಲೂ ಇತ್ತು. ಇದನ್ನ ಹೇಳಿದ ಕೂಡಲೇ ಒಂದು ಗುಂಪು ಕುಣಿಯುತ್ತೆ, ನೋಡಿದ್ರಾ ಅವರು ಹೆಂಗೆ ಅಂತ. ಕುಣಿಯೋರಿಗೆ ನನ್ನ ಪ್ರಶ್ನೆ ಒಂದೇ: ಆ ಬೆಳ್ಳಿಯ ಪೆಟ್ಟಿಗೆ ಮಾಡಿದ ಅಕ್ಕಸಾಲಿಗನ ಹೆಸರಿಗಾಗಿ ನೀವು ಯಾವತ್ತಾದ್ರೂ ಹುಡುಕಿದೀರಾ? ನಿಮ್ಮೂರಿನ ಗೋಪುರಕ್ಕೆ ಗಾರೆಗೊಂಬೆ ಮಾಡಿದವನ ಹೆಸರು ಹೇಳಿ, ಆಮೇಲೆ ಗೋವೆಗೆ ಹೋಗೋಣ.

ಯಾಕಂದ್ರೆ ನಮ್ಮವರ ಉತ್ತರ ನನಗೆ ಗೊತ್ತು. ಒಂದು ಗುಡಿಯ ಸಮಿತಿಯ ಸಭೆಯಲ್ಲಿ, ದಾನಿಗಳ ಕಲ್ಲಿನ ಕೊನೆಯಲ್ಲಿ ಶಿಲ್ಪಿಯ ಹೆಸರೂ ಹಾಕಿಸಿ ಅಂತ ಕೇಳಿದೆ. ‘ಅವ್ನಿಗೆ ಕೂಲಿ ಕೊಟ್ಟೀವಲ್ಲ ಬಿಡ್ರಿ’ ಅಂದರು. ಇನ್ನೊಬ್ಬರು ಸ್ವಲ್ಪ ಓದಿದವರು, ‘ನಮ್ಮ ಪರಂಪರೆಯಲ್ಲಿ ಕಲಾವಿದ ಹೆಸರು ಬಯಸಲ್ಲ, ಅದು ನಮ್ಮ ದೊಡ್ಡತನ’ ಅಂದರು. ಮೊದಲನೆಯವರಿಗೆ ಬೊರ್ರೊಮಿನಿ ಆಗಲೇ ಉತ್ತರ ಕೊಟ್ಟಿದ್ದಾನೆ. ಎರಡನೆಯವರು ಹೇಳಿದ್ದು ಶುದ್ಧ ಸುಳ್ಳು.

ಸುಳ್ಳು ಅಂತ ಸಾಬೀತು ಮಾಡೋಕೆ ಬೇಲೂರಿಗೆ ಹೋಗಬಹುದು, ಅಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿಕೊಂಡಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮ ಸಾಲುಸಾಲಾಗಿ ರುಜು ಹಾಕಿದ್ದಾನೆ. ಆದ್ರೆ ಅಷ್ಟು ದೂರ ಯಾಕೆ? ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಗೆ ಬನ್ನಿ. ಸಿದ್ದಾಪುರ, ಜಟಿಂಗರಾಮೇಶ್ವರ, ಬ್ರಹ್ಮಗಿರಿ, ಈ ಮೂರೂ ಕಡೆಯ ಅಶೋಕನ ಶಾಸನಗಳನ್ನ ಬಿ. ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಬ್ರಹ್ಮಗಿರಿಯ ಬಂಡೆಯ ಮೇಲೆ ಚಕ್ರವರ್ತಿಯ ಸ್ವಂತ ಹೆಸರಿಲ್ಲ, ‘ದೇವಾನಾಂಪಿಯ’ ಅನ್ನೋ ಬಿರುದು ಮಾತ್ರ ಇದೆ. ಅಶೋಕ ಅನ್ನೋ ಹೆಸರು ಸಿಗಬೇಕಾದ್ರೆ 1915ರಲ್ಲಿ ಮಸ್ಕಿ ಶಾಸನ ಸಿಗೋವರೆಗೆ ಕಾಯಬೇಕಾಯ್ತು. ಆದ್ರೆ ಶಾಸನದ ಕೊನೆಯಲ್ಲಿ ಒಂದು ಹೆಸರು ಸ್ಪಷ್ಟವಾಗಿ ಇದೆ: ಚಪಡ. ಬರೆದ ಲಿಪಿಕಾರ. ಇಡೀ ಶಾಸನ ಬ್ರಾಹ್ಮಿಯಲ್ಲಿದ್ದರೆ, ತಾನು ಲಿಪಿಕಾರ ಅನ್ನೋ ಮಾತನ್ನ ಮಾತ್ರ ದೂರದ ವಾಯವ್ಯ ಸೀಮೆಯ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ತನಗೆ ಇನ್ನೊಂದು ಲಿಪಿಯೂ ಬರುತ್ತೆ ಅಂತ ತೋರಿಸೋ ಹೆಮ್ಮೆ ಅದು! ಯಾವ ಮಹಾಮಾತ್ರನೂ ಅದನ್ನ ಅಳಿಸಲಿಲ್ಲ.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ರೋಮಿನಲ್ಲಿ ಪೀಟರನಿಗೆ ಬಿರುದು, ಪೋಪರಿಗೆ ಹೆಸರು, ಕಟ್ಟಿದವನಿಗೆ ಸೊನ್ನೆ. ಬ್ರಹ್ಮಗಿರಿಯಲ್ಲಿ ಚಕ್ರವರ್ತಿಗೆ ಬಿರುದು, ಬರೆದವನಿಗೆ ಹೆಸರು. ಎರಡು ಸಾವಿರ ವರ್ಷಕ್ಕೂ ಹಿಂದೆ ನಮ್ಮ ತಾಲೂಕಿನ ಬಂಡೆ ಕಲಿಸಿದ ಪಾಠ ಇದು. ಅದರ ನೆರಳಲ್ಲೇ ಇದ್ದುಕೊಂಡು ನಾವು ನಕಲು ಮಾಡಿದ್ದು ಮಾತ್ರ ಬೋರ್ಗೇಸೆಯನ್ನ.

ಇದು ಬರೀ ಗುಡಿಗೋಪುರದ ಮಾತಲ್ಲ. ಮೊಳಕಾಲ್ಮೂರು ರೇಷ್ಮೆ ಸೀರೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಒಳ್ಳೇದೇ, ಊರಿನ ಹೆಸರು ಉಳೀತು. ಆದ್ರೆ ಕುಣಿಯಲ್ಲಿ ಕಾಲಿಳಿಬಿಟ್ಟು, ದಿನಗಟ್ಟಲೆ ಕೂತು, ಅಂಚಿನಲ್ಲಿ ನವಿಲು, ಮಾವಿನಕಾಯಿ ಮೂಡಿಸಿದವರ ಹೆಸರು ಸೀರೆಯ ಯಾವ ಮೂಲೆಯಲ್ಲಿದೆ? ಅಂಗಡಿಯ ಹೆಸರು ಡಬ್ಬಿಯ ಮೇಲಿದೆ, ಬೆಲೆ ಚೀಟಿಯಲ್ಲಿದೆ. ಚಳ್ಳಕೆರೆ ಕಂಬಳಿಯ ಕಥೆಯೂ ಇದೇ. ಕೊಳ್ಳುವವರಿಗೆ ನೇಯ್ದವರ ಹೆಸರು ಗೊತ್ತಿಲ್ಲದಿದ್ದರೆ ಅವರ ಮಟ್ಟಿಗೆ ನೇಕಾರ ಅಂದ್ರೆ ಒಂದು ಯಂತ್ರ. ಯಂತ್ರದ ಜೊತೆ ಚೌಕಾಸಿ ಮಾಡೋಕೆ ಯಾರಿಗೆ ನಾಚಿಕೆ? ಮಗ ಮಗ್ಗ ಬಿಟ್ಟು ಬೆಂಗಳೂರಿಗೆ ಸೆಕ್ಯುರಿಟಿ ಕೆಲಸಕ್ಕೆ ಹೊರಟರೆ, ‘ಪರಂಪರೆ ಹೋಯ್ತಲ್ಲ’ ಅಂತ ಮರುಗೋದಕ್ಕೆ ಮಾತ್ರ ನಾವು ರೆಡಿ.

ನನ್ನ ಬೇಡಿಕೆ ದೊಡ್ಡದಲ್ಲ. ಗುಡಿ, ಚರ್ಚು, ಮಸೀದಿ, ಸಮುದಾಯ ಭವನ ಯಾವುದೇ ಇರಲಿ, ದಾನಿಗಳ ಕಲ್ಲು ಹಾಕಿಸುವ ಕಡೆಯಲ್ಲೆಲ್ಲ ಕಲ್ಲುಕುಟಿಗ, ಗಾರೆಯವನು, ಬಡಗಿ, ಬಣ್ಣ ಬರೆದವನು, ಇವರ ಹೆಸರೂ ಅಷ್ಟೇ ದಪ್ಪ ಅಕ್ಷರದಲ್ಲಿ ಇರಲಿ. ಹೆಣ್ಣಾಳುಗಳ ಹೆಸರು ಬಿಡಬೇಡಿ. ಗಾರೆ ಹೊತ್ತವರು ಅವರೇ. ಸೀರೆಯ ಸೆರಗಿನ ಒಳಮಡಿಕೆಯಲ್ಲಿ ನೇಯ್ದವರ ಹೆಸರಿನ ಒಂದು ಚೀಟಿ ಇರಲಿ. ಖರ್ಚು ಎಷ್ಟಾಗುತ್ತೆ? ಒಂದು ಫ್ಯಾನಿನಷ್ಟೂ ಆಗಲ್ಲ.

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಕೆರೆ ಕಟ್ಟಿಸುವಾಗ ದುಡಿದವರಿಗೆ ಅವರವರು ದುಡಿದಷ್ಟೇ ಸಿಗುವಂತೆ ಮಾಡಿದರು ಅಂತ ನಮ್ಮ ಜನ ಕಥೆ ಹೇಳ್ತಾರೆ. ಅವರ ಮಾತು ಇವತ್ತಿಗೂ ಎಲ್ಲರ ಬಾಯಲ್ಲಿದೆ: ಮಾಡಿದಷ್ಟು ನೀಡು ಭಿಕ್ಷೆ. ಮಾಡಿದಷ್ಟು. ಮಾಡಿಸಿದಷ್ಟು ಅಲ್ಲ.